ನಾನು ತಿಂದ ಮದುಮಗಳು

ಆ ದಿನಗಳಲ್ಲಿ ನಮ್ಮ ಸಂಸಾರ ಕಬ್ಬಿನ ಬೆನ್ನು ಹತ್ತಿ ತಿರುಗುತ್ತಿತ್ತು. ಬೇರೆಯವರು ತಮ್ಮ ಬಾಲ್ಯವನ್ನು ಎರಡನೇ ಇಯತ್ತೆ, ಮೂರನೇ ಇಯತ್ತೆ ಎಂದು ಲೆಕ್ಕ ಇಟ್ಟುಕೊಂಡಿದ್ದರೆ ನನ್ನ ಲೆಕ್ಕವೇ ಬೇರೆ. ನೇಪಾಳದ ಹಂಗಾಮು, ಥಾಯ್ಲೆಂಡಿನ ಹಂಗಾಮು, ಜಾವಾದ ಹಂಗಾಮು, ಆಮೇಲೆ ವಿಯೆಟ್ನಾಮಿನ ಹಂಗಾಮು. ಕೃಷ್ಣೆಯ ದಂಡೆಯ ಜುಗೂಳದಲ್ಲಿ ಹುಟ್ಟಿದ ಹುಡುಗಿ ಹನ್ನೆರಡು ತುಂಬುವುದರೊಳಗೆ ನಾಲ್ಕು ದೇಶದ ನೀರು ಕುಡಿದಿದ್ದೆ ಎಂದರೆ, ಅದು ನನ್ನ ಶಾಣ್ಯಾತನವಲ್ಲ. ನನ್ನ ಅಪ್ಪ ಪ್ಯಾನ್‌ಮನ್ ಆಗಿದ್ದ.

ಪ್ಯಾನ್‌ಮನ್ ಎಂದರೆ ನಮ್ಮ ಸೀಮೆಯಲ್ಲಿ ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಕೊನೆಗೆ ಬಂದು ಬೀಳುವ ದೊಡ್ಡ ಕಬ್ಬಿಣದ ಹಂಡೆಗೆ ಪ್ಯಾನ್ ಎನ್ನುತ್ತಾರೆ. ರಸ ಅಲ್ಲಿ ಕುದ್ದು ಹರಳುಗಟ್ಟುತ್ತದೆ. ಆ ಹರಳು ಯಾವಾಗ ಹುಟ್ಟಿತು, ಎಷ್ಟು ದಪ್ಪಾಯಿತು, ಯಾವಾಗ ಇಳಿಸಬೇಕು ಎಂದು ಹೇಳುವವನೇ ಪ್ಯಾನ್‌ಮನ್. ಅಪ್ಪನ ಅಂಗಿಯ ಕಿಸೆಯಲ್ಲಿ ಕೈವಸ್ತ್ರದಲ್ಲಿ ಸುತ್ತಿದ ಒಂದು ಗಾಜಿನ ಪಟ್ಟಿ ಯಾವಾಗಲೂ ಇರುತ್ತಿತ್ತು. ಪ್ಯಾನಿನಿಂದ ಒಂದಿಷ್ಟು ರಸ ತೆಗೆದು ಅದರ ಮೇಲೆ ಸವರಿ, ಬಲ್ಬಿನ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಆಗ ಅಪ್ಪನನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಊರಲ್ಲಿ 'ಪ್ಯಾನ್ ಬಾಳಪ್ಪ' ಎಂದೇ ಹೆಸರು. ಆ ಕಣ್ಣನ್ನು ನಂಬಿಯೇ ಪುಣೆಯ ಕಂಪನಿಯೊಂದು ಅಪ್ಪನನ್ನು ಹೊಸ ಪ್ಯಾನ್ ಕೂಡಿಸುವ ದೇಶಗಳಿಗೆಲ್ಲ ಕಳಿಸುತ್ತಿತ್ತು.

ನೇಪಾಳದ ನೆನಪೆಂದರೆ ಮಂಜು ಮತ್ತು ಸಾಸಿವೆ ಎಣ್ಣೆಯ ವಾಸನೆ. ಚಳಿಗಾಲದ ಬೆಳಿಗ್ಗೆ ಕಬ್ಬಿನ ಗಾಡಿಗಳು ಕಾಣುತ್ತಿರಲಿಲ್ಲ, ಎತ್ತಿನ ಕೊರಳ ಗಂಟೆ ಮಾತ್ರ ಬರುತ್ತಿತ್ತು. ಥಾಯ್ಲೆಂಡಿನಲ್ಲಿ ಕಬ್ಬು ಕಡಿಯುವ ಮುನ್ನ ಗದ್ದೆಗೆ ಬೆಂಕಿ ಕೊಡುತ್ತಿದ್ದರು. ಕರೀ ಬೂದಿ ಹಾರಿ ಬಂದು ಅವ್ವ ಒಣಹಾಕಿದ ಬಟ್ಟೆಯ ಮೇಲೆ ಕೂತರೆ ಅವಳ ಬಾಯಿಂದ ತವರೂರು ನಿಪ್ಪಾಣಿಯ ಬೈಗುಳ ಹೊರಡುತ್ತಿದ್ದವು, ಅರ್ಧ ಕನ್ನಡ, ಅರ್ಧ ಮರಾಠಿ. ಅಲ್ಲಿ ಬೆಳಿಗ್ಗೆ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಿದ್ದರು. ಅವ್ವ ಒಮ್ಮೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಾಕಿದಳು. ಎಳೆಯ ಭಿಕ್ಷು ಪಾತ್ರೆಯೊಳಗೆ ಇಣುಕಿ ನೋಡಿ ನಗೆ ತಡೆದುಕೊಂಡದ್ದು ನನಗೆ ಕಂಡಿತು.

ಆದರೆ ಈಗ ಹೇಳಹೊರಟಿರುವುದು ಜಾವಾದ ಸುದ್ದಿ. ಅದಕ್ಕೂ ಮೊದಲು ನಮ್ಮೂರಿನ ಒಂದು ಕಾಯದೆ ಹೇಳಬೇಕು. ಜುಗೂಳದಲ್ಲಿ ಹಾದಿಗೆ ಹೋಗುವವರು ಯಾರದೇ ಹೊಲದ ಒಂದು ಕಬ್ಬು ಮುರಿದುಕೊಂಡರೆ ಅದು ಕಳವಲ್ಲ. "ಒಂದ್ ತಿಂದ್ರ ಅದು ಹೊಲದ ಪುಣ್ಯಾ, ಎರಡ್ ತಿಂದ್ರ ಕಳವು" ಎನ್ನುತ್ತಿದ್ದ ನಮ್ಮಜ್ಜ. ಒಂದೇ ತಿನ್ನುವುದಾದರೆ ಒಳ್ಳೆಯದನ್ನೇ ಆರಿಸಬೇಕಲ್ಲ? ಅದನ್ನೂ ಅವನೇ ಕಲಿಸಿದ್ದ. ಬುಡ ದಪ್ಪಗಿರಬೇಕು, ಗಣಿಕೆಗಳ, ಅಂದರೆ ಗಿಣ್ಣುಗಳ, ಅಂತರ ಸಮ ಇರಬೇಕು, ಮೊಳಕೆಯ ಕಣ್ಣು ಉಬ್ಬಿರಬಾರದು, ಬೆರಳಿಂದ ಬಡಿದರೆ ತುಂಬಿದ ಕೊಡದ ಸಪ್ಪಳ ಬರಬೇಕು. ಸಿಪ್ಪೆ ಸುಲಿಯಲು ಹಲ್ಲು. ಚಾಕು ಹಿಡಿದು ಕಬ್ಬು ತಿನ್ನುವವರನ್ನು ಅಜ್ಜ ರೋಗಿಗಳ ಲೆಕ್ಕಕ್ಕೆ ಹಾಕುತ್ತಿದ್ದ.

ಜಾವಾಕ್ಕೆ ಹೋದಾಗ ನನಗೆ ಹತ್ತು ವರ್ಷ. ಹಳೆಯ ಕಾರ್ಖಾನೆ, ಅದರ ಆವರಣದೊಳಗೇ ನಮ್ಮ ಕ್ವಾರ್ಟರ್ಸ್, ದೂರದಲ್ಲಿ ಸಣ್ಣಗೆ ಹೊಗೆಯಾಡುವ ಬೆಟ್ಟ. ಅಲ್ಲಿಯ ಗಂಡಸರೆಲ್ಲ ಲವಂಗ ಬೆರೆಸಿದ ಸಿಗರೇಟು ಸೇದುತ್ತಿದ್ದರು. ತಂಬಾಕಿನ ವಖಾರಿಯ ಮಗ್ಗುಲಲ್ಲೇ ಬೆಳೆದ ಅವ್ವ ಮೊದಲ ದಿನವೇ ಮೂಗು ಅರಳಿಸಿ, "ನಮ್ಮ ತವರಿನ ವಾಸನಿನ ಐತಿ ಬೇ, ಮ್ಯಾಲ ಒಂದಿಷ್ಟ ಮಸಾಲಿ ಹಾಕ್ಯಾರ" ಎಂದಳು. ಶೇಂಗಾದ ಗೊಜ್ಜು ಹಾಕಿ ಸೊಪ್ಪು ತಿನ್ನುವ ಜನ ನಮಗೆ ಪರಕೀಯರೆನಿಸಲೇ ಇಲ್ಲ. ನನ್ನನ್ನು ಅಲ್ಲಿಯದೇ ಶಾಲೆಗೆ ಹಾಕಿದರು. ಎಂಟು ತಿಂಗಳಲ್ಲಿ ಆ ಭಾಷೆ ನನ್ನ ಬಾಯಿಗೆ ಬಂತು. ಅಪ್ಪನಿಗೆ ಬರಲಿಲ್ಲ. ಗಾಣದ ಸಪ್ಪಳದಲ್ಲಿ ವರ್ಷಗಟ್ಟಲೆ ನಿಂತು ಆಗಲೇ ಕಿವಿ ಮಂದವಾಗಿದ್ದವು, ಹೊಸ ಭಾಷೆ ಎಲ್ಲಿಂದ ಒಳಗೆ ಹೋಗಬೇಕು? ಸಂತೆಯಲ್ಲಿ, ಅಂಗಡಿಯಲ್ಲಿ ನಾನೇ ದುಭಾಷಿ. ಅದರ ಸೊಕ್ಕೂ ನನಗೆ ಕಡಿಮೆ ಇರಲಿಲ್ಲ.

ಆ ಕಾರ್ಖಾನೆಯಲ್ಲಿ ಹಂಗಾಮು ಸುರುವಾಗುವ ಮೊದಲು ಕಬ್ಬಿನ ಮದುವೆ ಮಾಡುತ್ತಾರೆ. ಬೇರೆ ಬೇರೆ ಹೊಲದಿಂದ ಒಂದು ಗಂಡು, ಒಂದು ಹೆಣ್ಣು ಎಂದು ಎರಡು ಕಬ್ಬು ಆರಿಸಿ, ಹೆಸರಿಟ್ಟು, ಬಟ್ಟೆ ಉಡಿಸಿ, ಹೂ ಮುಡಿಸಿ, ಮೆರವಣಿಗೆಯಲ್ಲಿ ತಂದು ಗಾಣಕ್ಕೆ ಮೊದಲು ಆ ಜೋಡಿಯನ್ನೇ ಕೊಡುತ್ತಾರೆ. ಹಿಂದೊಂದು ವರ್ಷ ಮದುವೆ ಮಾಡದೆ ಗಾಣ ಸುರು ಮಾಡಿದ್ದರಂತೆ. ಅದೇ ವಾರ ಒಬ್ಬನ ಕೈ ಗಾಣದೊಳಗೆ ಹೋಗಿತ್ತಂತೆ. ಕಬ್ಬು ಆರಿಸುವ, ಮದುವೆಯ ತನಕ ಕಾಯುವ ಹಕ್ಕು ಹಾರ್ಜೊ ಎಂಬ ಮುದುಕನದು. ಅವನಪ್ಪ, ಅವನಜ್ಜ ಮಾಡಿಕೊಂಡು ಬಂದ ಕೆಲಸ. ಹಲ್ಲು ಬಿದ್ದ ಬಾಯಿ, ತಲೆಗೆ ಕರೀ ಟೊಪ್ಪಿಗೆ. ನನ್ನ ಹೆಸರು ಸುರೇಖಾ, ಅವನ ಬಾಯಲ್ಲಿ ಅದು 'ಸುರೇಕಾ' ಆಗುತ್ತಿತ್ತು. ನಾನು ಅವನನ್ನು ಹಾರ್ಜೊ ಅಜ್ಜ ಎನ್ನುತ್ತಿದ್ದೆ. ಅಜ್ಜ ಎಂದರೆ ಏನೆಂದು ಕೇಳಿ ತಿಳಿದುಕೊಂಡ ಮೇಲೆ ಅವನಿಗೆ ಅದು ಬಹಳ ಸೇರಿತ್ತು.

ಮದುವೆಯ ಸಂಗತಿ ನನಗೆ ಗೊತ್ತಿತ್ತು. ಆದರೆ ಮದುಮಗಳು ಹೊಲದಿಂದಲೇ ಬಟ್ಟೆಯುಟ್ಟು ಬರುತ್ತಾಳೆ ಎಂದುಕೊಂಡಿದ್ದೆ. ಮದುವೆಯ ಹಿಂದಿನ ದಿನ ಮಧ್ಯಾಹ್ನ ಮ್ಯಾನೇಜರರ ಮನೆಯ ಹಿಂದಿನ ಪಡಸಾಲೆಯಲ್ಲಿ ಹತ್ತು ಹನ್ನೆರಡು ಕಬ್ಬು ಗೋಡೆಗೆ ಒರಗಿದ್ದವು, ಚಪ್ಪರಕ್ಕೆಂದು ತಂದವು. ಆಚೆ ನೆರಳಿನಲ್ಲಿ ನೀರು ತುಂಬಿದ ಮಣ್ಣಿನ ಬಾನಿಯಲ್ಲಿ ಎರಡು ಬೇರೆಯಾಗಿ ನಿಂತಿದ್ದವು. ಸುತ್ತ ಯಾರೂ ಇರಲಿಲ್ಲ. ಹಾರ್ಜೊ ಅಜ್ಜ ನಮಾಜಿಗೆ ಹೋಗಿದ್ದ. ಎಂಟು ತಿಂಗಳಿಂದ ಸುತ್ತಮುತ್ತ ಬರೀ ಕಬ್ಬು ನೋಡಿದ್ದೆ, ತಿಂದಿರಲಿಲ್ಲ. ನಾನು ಎಲ್ಲವನ್ನೂ ಬಡಿದು ನೋಡಿದೆ, ಒಂದೊಂದನ್ನಾಗಿ. ಬಾನಿಯೊಳಗಿನ ಆ ಕೆಂಪು ಛಾಯೆಯ ಕಬ್ಬು ತುಂಬಿದ ಕೊಡದ ಹಾಗೆ ಸಪ್ಪಳ ಕೊಟ್ಟಿತು. ಮೊಣಕಾಲಿಗಿಟ್ಟು ಮುರಿದೆ. ನಮ್ಮ ಮನೆಯ ನೀರಿನ ಟಾಕಿಯ ಹಿಂದೆ ಕೂತು ಹಲ್ಲಿನಿಂದ ಸುಲಿದು, ಗಲ್ಲದ ತುಂಬ ರಸ ಇಳಿಸಿಕೊಂಡು, ಬುಡದಿಂದ ತುದಿಯವರೆಗೂ ತಿಂದೆ. ಅಷ್ಟು ರುಚಿಯ ಕಬ್ಬನ್ನು ಆಮೇಲೆ ನಾನು ತಿಂದಿಲ್ಲ. ಒಂದೇ ತಿಂದೆ ನೋಡಿ. ಅಜ್ಜನ ಕಾಯದೆ ಮೀರಲಿಲ್ಲ.

ನಾಲ್ಕು ಗಂಟೆಗೆ ಹೆಂಗಸರು ಬಟ್ಟೆ, ಹೂ ಹಿಡಿದು ಬಂದರು. ಬಾನಿಯಲ್ಲಿ ಮದುಮಗ ಒಬ್ಬನೇ ನಿಂತಿದ್ದ.

ನಮ್ಮೂರಾಗಿದ್ದರೆ ಒದರಾಟ, ಬೈದಾಟ ಆಗಿ ಅರ್ಧ ತಾಸಿನಲ್ಲಿ ಎಲ್ಲ ತಣ್ಣಗಾಗುತ್ತಿತ್ತು. ಅಲ್ಲಿ ಯಾರೂ ದನಿ ಏರಿಸಲಿಲ್ಲ. ಜನ ಬಂದು ಬಂದು ಪಡಸಾಲೆಯ ಮುಂದೆ ನಿಂತರು, ಮೂವತ್ತು ನಲವತ್ತು ಮಂದಿ, ಎಲ್ಲರೂ ಪಿಸುಮಾತಿನಲ್ಲಿ. ಕುಂಬಳಕಾಯಿ ಕಳ್ಳನ ಹಾಗೆ ನಾನು ಮತ್ತೆ ಮತ್ತೆ ಬಾಯಿ ಒರೆಸಿಕೊಳ್ಳುತ್ತಿದ್ದೆ. ಮೇಸ್ತ್ರಿಯೊಬ್ಬ ಹಾರ್ಜೊ ಅಜ್ಜನಿಗೆ ಮೆಲ್ಲಗೇ ಹೇಳಿದ: ನಿನಗೆ ವಯಸ್ಸಾಯಿತು, ಇನ್ನು ಮುಂದೆ ಈ ಕೆಲಸ ಬೇರೆಯವರಿಗೆ ಬಿಡು. ಇನ್ನೊಬ್ಬ, ಹೆಣ್ಣು ಕಳೆದುಹೋದ ಮದುವೆ ನಾನು ನೋಡಿಲ್ಲ, ನಾಳೆ ನಾನು ಗಾಣದ ಹತ್ತಿರ ಹೋಗುವುದಿಲ್ಲ ಎಂದ. ಹಾರ್ಜೊ ಅಜ್ಜ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಮೊಸರನ್ನ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ನಾನು ಒರೆಸದೆಯೇ ಅದು ಹೋಗಿ ಅವನ ಬಾಯಿಗೆ ಮೆತ್ತಿಕೊಂಡಿತ್ತು. ನಾನು ಮನೆಗೆ ಓಡಿದೆ.

ಅಪ್ಪ ಆಗಷ್ಟೇ ಕೆಲಸದಿಂದ ಬಂದು ಚಹಾ ಕುಡಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ಹಾರ್ಜೊ ಅಜ್ಜ ಬಾಗಿಲಿಗೆ ಬಂದ, ಒಬ್ಬನೇ. ಕೈಯಲ್ಲಿ ಬಾಳೆ ಎಲೆ. ಅದನ್ನು ಮೇಜಿನ ಮೇಲಿಟ್ಟು ಬಿಚ್ಚಿದ. ಒಳಗೆ ಕಬ್ಬಿನ ಸಿಪ್ಪೆ ಇದ್ದವು, ಉದ್ದುದ್ದ, ಅಂಚು ಹರಿದವು. ಟಾಕಿಯ ಹಿಂದೆ ಸಿಕ್ಕವು. ಅವನು ನನ್ನ ಕಡೆ ನೋಡದೆ ಅಪ್ಪನಿಗೆ ಹೇಳಿದ. ನಾವು ಕಬ್ಬನ್ನು ಚಾಕುವಿನಿಂದ ಹೆರೆಯುತ್ತೇವೆ, ಇದನ್ನು ಹಲ್ಲಿನಿಂದ ಸುಲಿದಿದ್ದಾರೆ, ಈ ಆವರಣದಲ್ಲಿ ಹಲ್ಲಿನಿಂದ ಸುಲಿಯುವವರು ಯಾರು ಎಂದು ನಿಮ್ಮನ್ನು ಕೇಳಲು ಬಂದೆ.

ಅಪ್ಪ ನನ್ನ ಕಡೆ ತಿರುಗಿದ. "ಏನಂತಾರ, ಸುರೀ?"

ಒಂದು ಕ್ಷಣ. ಇಬ್ಬರು ದೊಡ್ಡವರ ನಡುವೆ ಇದ್ದ ಒಂದೇ ಒಂದು ದಾರಿ ನಾನು. ಮುಚ್ಚಿಬಿಟ್ಟೆ.

"ಟಾಕಿ ಹಿಂದ ಹೊಲಸು ಆಗೇತಿ, ಸ್ವಚ್ಛ ಮಾಡಸ್ರಿ ಅಂತಾರ" ಎಂದೆ.

ಅಪ್ಪ ಸಿಪ್ಪೆ ನೋಡಿದ. ಆಮೇಲೆ ಹಾರ್ಜೊ ಅಜ್ಜನ ಮುಖ ನೋಡಿದ, ಒಂದು ಕಣ್ಣು ಕಿರಿದು ಮಾಡಿ, ಗಾಜಿನ ಪಟ್ಟಿ ನೋಡುವಂತೆ. ಅವ್ವ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

"ಅವರು ಹಂಗ ಅಂದಿಲ್ಲ" ಎಂದ ಅಪ್ಪ. "ಇನ್ನೊಮ್ಮೆ ಹೇಳು."

ನಾನು ಎಲ್ಲವನ್ನೂ ಹೇಳಿದೆ. ಬಾನಿ, ಕೆಂಪು ಕಬ್ಬು, ನಮಾಜು, ಮೇಸ್ತ್ರಿ ಅಂದದ್ದು. ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು. ಅವ್ವ ಮಾತ್ರ ತಲೆಗೆ ಕೈ ಹಚ್ಚಿಕೊಂಡು, "ಸೀಗಿ ಹುಣ್ಣಿವಿಗೆ ನಾವು ಬೆಳಿಗೆ ಉಡಿ ತುಂಬತೇವಿ, ಇವರು ಮದವಿ ಮಾಡತಾರ, ಏನ್ ಫರಕ್ ಐತಿ? ಮದವಿ ಮನಿ ಹೆಣ್ಣ ತಿಂದ ಬಂದೀದಿ ನೀ" ಎಂದಳು. ಅವಳು ಹಾಗೆ ಅಂದಾಗ ನನಗೆ ಮೊದಲ ಸಲ ಅಳು ಬಂತು.

"ಅಳೂದು ಆಮ್ಯಾಲ" ಎಂದು ಅಪ್ಪ ಚಪ್ಪಲಿ ಮೆಟ್ಟಿದ. "ನಡಿ. ನಾ ಹೇಳತೇನಿ, ನೀ ಅವರ ಮಾತಿನಾಗ ಹೇಳು. ಒಂದ್ ಶಬ್ದ ಆಚೀಚೆ ಆಗಬಾರದು."

ಪಡಸಾಲೆಯ ಮುಂದೆ ಜನ ಹಾಗೇ ಇದ್ದರು. ಅವರಲ್ಲಿ ಹನ್ನೆರಡು ಮಂದಿ ಅಪ್ಪನ ಕೈಕೆಳಗಿನವರು, ನಾಳೆ ನಾಡಿದ್ದು ಪ್ಯಾನಿನ ಮುಂದೆ ಅವನ ಮಾತು ಕೇಳಬೇಕಾದವರು. ಅಪ್ಪ ನಡುವೆ ನಿಂತು ಕನ್ನಡದಲ್ಲಿ ಹೇಳಿದ: "ನಿಮ್ಮ ಮದುಮಗಳನ್ನ ತಿಂದಾಕಿ ನನ್ನ ಮಗಳು. ಹಾರ್ಜೊ ಅವರದು ತಪ್ಪಿಲ್ಲ. ನಮ್ಮೂರಾಗ ಒಂದ್ ಕಬ್ಬು ಮುರಕೊಂಡ್ರ ತಪ್ಪಲ್ಲ, ಹಂಗಂತ ಬೆಳಸೇವಿ. ತಪ್ಪು ನಂದು. ಅವರ ಕೆಲಸ ತಗೀಬ್ಯಾಡ್ರಿ. ತಗೀತೇವಿ ಅಂದ್ರ ನಾ ಊರಿಗೆ ಹೊಳ್ಳಿ ಹೋಗತೇನಿ."

ಊರಿನ ಕಾರ್ಖಾನೆಯ ಕಾಯಂ ನೌಕರಿ ಬಿಟ್ಟು ಬಂದಿದ್ದ ಅಪ್ಪ. ಹೊಳ್ಳಿ ಹೋದರೆ ಏನಿತ್ತು ಅಲ್ಲಿ? ಆ ಕೊನೆಯ ಮಾತೊಂದನ್ನು ನುಂಗಿಬಿಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಪ್ಪ ನನ್ನ ಬಾಯಿಯನ್ನು ನೋಡುತ್ತಿರಲಿಲ್ಲ, ಅವರ ಮುಖಗಳನ್ನು ನೋಡುತ್ತಿದ್ದ. ನಾನು ಒಂದೊಂದು ಮಾತನ್ನೂ ಹೇಳಿದೆ. 'ನನ್ನ ಮಗಳು' ಎಂಬಲ್ಲಿ 'ನಾನು' ಎಂದು ಹೇಳಬೇಕೋ ಹಾಗೇ ಹೇಳಬೇಕೋ ತಿಳಿಯದೆ ಎರಡೂ ಹೇಳಿದೆ.

ಆಮೇಲೆ ಹಾರ್ಜೊ ಅಜ್ಜ ಟೊಪ್ಪಿಗೆ ತಲೆಗಿಟ್ಟುಕೊಂಡು ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ. ಅಷ್ಟೊಂದು ಕಬ್ಬಿದ್ದವಲ್ಲ, ಅದನ್ನೇ ಯಾಕೆ ತೆಗೆದುಕೊಂಡೆ ಎಂದು ಕೇಳಿದ. ನಾನು ಬಿಕ್ಕುತ್ತಲೇ ಬುಡ, ಗಣಿಕೆ, ಕಣ್ಣು, ಕೊಡದ ಸಪ್ಪಳ ಎಲ್ಲ ಹೇಳಿದೆ. ಅವನು ಮೇಸ್ತ್ರಿಯ ಕಡೆ ತಿರುಗಿ, ನನ್ನಪ್ಪ ನನಗೆ ಕಲಿಸಿದ್ದೂ ಇಷ್ಟೇ, ಸಪ್ಪಳದ್ದೊಂದು ಗೊತ್ತಿರಲಿಲ್ಲ ಎಂದ. ನನ್ನ ಕಡೆ ತಿರುಗಿ, ನಾಳೆ ಬೆಳಕು ಹರಿಯುವಾಗ ಹೊಲಕ್ಕೆ ಬಾ, ಇನ್ನೊಬ್ಬಳನ್ನು ನೀನೇ ಆರಿಸು, ಹೆಣ್ಣಿನ ಕಡೆಯವರು ನೀವೇ ಎಂದ. ಕೆಲವರು ನಕ್ಕರು, ಕೆಲವರು ನಗಲಿಲ್ಲ. ಗಾಣದ ಹತ್ತಿರ ಬರುವುದಿಲ್ಲ ಎಂದವನು ಆಗಲೂ ಮುಖ ಗಂಟಿಕ್ಕಿಕೊಂಡೇ ಇದ್ದ.

ಬೆಳಗಿನ ಇಬ್ಬನಿಯಲ್ಲಿ ನಾನು ಎಷ್ಟು ಕಬ್ಬು ಬಡಿದು ನೋಡಿದೆನೋ ಲೆಕ್ಕವಿಲ್ಲ. ಹಾರ್ಜೊ ಅಜ್ಜ ಅವಸರ ಮಾಡಲಿಲ್ಲ. ಕೊನೆಗೆ ಒಂದರ ಮೇಲೆ ಕೈಯಿಟ್ಟೆ. ಅವನೂ ಬಡಿದು, ಕಿವಿಗೊಟ್ಟು, ತಲೆಯಾಡಿಸಿ ಕಡಿದ. ಅವ್ವ ಟ್ರಂಕಿನ ತಳದಿಂದ ತನ್ನ ತವರಿನ ಖಣ ತೆಗೆದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು ಇಟ್ಟು ಆ ಕಬ್ಬಿಗೆ ಉಡಿ ತುಂಬಿದಳು. ಜಾವಾದ ಹೆಂಗಸರು ಸುತ್ತ ನಿಂತು ನೋಡಿದರು, ಏನೆಂದು ಒಬ್ಬರೂ ಕೇಳಲಿಲ್ಲ. ಮೆರವಣಿಗೆ ಹೋಯಿತು. ಜೋಡಿ ಗಾಣದೊಳಗೆ ಇಳಿಯುವಾಗ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮಗಳನ್ನು ಕಳಿಸಿಕೊಟ್ಟವಳ ಹಾಗೆ.

ಇಷ್ಟಕ್ಕೇ ಮುಗಿಯಲಿಲ್ಲ. ಮೊದಲ ಪ್ಯಾನ್ ಕೆಟ್ಟರೆ ಯಾರ ತಲೆಗೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮರುದಿನ ಅಪ್ಪ ನನ್ನನ್ನೂ ಪ್ಯಾನಿನ ಮಹಡಿಗೆ ಕರೆದೊಯ್ದು ಒಂದು ಮೂಲೆಯಲ್ಲಿ ನಿಲ್ಲಿಸಿದ. ಸುತ್ತ ಕಾದ ಬೆಲ್ಲದ ವಾಸನೆ, ಕಾಲಕೆಳಗೆ ಅದುರುವ ಕಬ್ಬಿಣ. ಆ ಹನ್ನೆರಡು ಮಂದಿ, ಹಾರ್ಜೊ ಅಜ್ಜ ಎಲ್ಲ ಬಂದಿದ್ದರು, ಆದರೆ ಅಪ್ಪನಿಂದ ಎರಡು ಮಾರು ದೂರ ನಿಂತಿದ್ದರು. ಅಪ್ಪ ಮೊದಲ ಸಲ ಗಾಜು ಬೆಳಕಿಗೆ ಹಿಡಿದ, ಒರೆಸಿದ. ಎರಡನೆಯ ಸಲ ಹಿಡಿದ, ಒರೆಸಿದ. ಅವನ ಕುತ್ತಿಗೆಯ ಬೆವರು ಬೆನ್ನಿಗಿಳಿಯುವುದು ನನಗೆ ಕಾಣುತ್ತಿತ್ತು. ಮೂರನೆಯ ಸಲ ಬಹಳ ಹೊತ್ತು ಹಿಡಿದು, ಒರೆಸದೆ, ಗಾಜನ್ನು ತಾನೇ ಹೋಗಿ ಹಾರ್ಜೊ ಅಜ್ಜನ ಕೈಗೆ ಕೊಟ್ಟ. ಅವನು ನೋಡಿ ಪಕ್ಕದವನಿಗೆ ಕೊಟ್ಟ. ಕೈಯಿಂದ ಕೈಗೆ ಹೋಗಿ ಅದು ಗಂಟು ಮುಖದವನ ಕೈಗೂ ಹೋಗಿ ಕೊನೆಗೆ ನನಗೆ ಬಂತು. ಗಾಜಿನ ಮೇಲೆ ಸಣ್ಣ ರವೆಯಂಥ ಹರಳು, ಒಂದಕ್ಕೊಂದು ಸಮ. ನಾನು ಆಗ ಉಸಿರು ಬಿಟ್ಟೆ.

ಅದಾದ ಮೇಲೆ ವಿಯೆಟ್ನಾಮಿಗೆ ಹೋದೆವು. ಅಲ್ಲಿ ರಸ್ತೆ ಬದಿಯಲ್ಲಿ ಕಬ್ಬಿನ ಹಾಲಿಗೆ ಹುಳಿ ಹಣ್ಣು ಹಿಂಡಿ, ಬರ್ಫ ಹಾಕಿ ಕೊಡುತ್ತಿದ್ದರು. ಕುಡಿಯುವ ಮೊದಲು, ಇದು ಬೇರೆ ಯಾವುದಕ್ಕಾದರೂ ಇಟ್ಟದ್ದೇ ಎಂದು ನಾನು ಅಂಗಡಿಯವಳನ್ನು ಸನ್ನೆಯಲ್ಲಿ ಕೇಳುತ್ತಿದ್ದೆ. ಅಪ್ಪ ಅವ್ವ ನಗುತ್ತಿದ್ದರು. ಆಮೇಲೆ ಪ್ಯಾನ್ ನೋಡಲು ಯಂತ್ರ ಬಂದವು. ಕಂಪನಿಗೆ ಅಪ್ಪನ ಕಣ್ಣು ಬೇಡವಾಯಿತು. ನಾವು ಊರಿಗೆ ಬಂದೆವು. ನಾನೀಗ ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತೇನೆ. ಅಪ್ಪ ನನ್ನ ಜೊತೆಗೇ ಇದ್ದಾನೆ. ಕಿವಿ ಪೂರ್ತಿ ಹೋಗಿವೆ. ಗಾಜಿನ ಪಟ್ಟಿ ಈಗಲೂ ಕಿಸೆಯಲ್ಲಿದೆ, ಮೊಮ್ಮಗಳ ಕೈಗೆ ಚುಚ್ಚಿದ ಮುಳ್ಳು ತೆಗೆದು ಅದರ ಮೇಲಿಟ್ಟು ಬೆಳಕಿಗೆ ಹಿಡಿದು ನೋಡುತ್ತಾನೆ.

ಹೋದ ಸಂಕ್ರಾಂತಿಯ ಮರುದಿನ ಇಬ್ಬರೂ ಜುಗೂಳಕ್ಕೆ ಹೋಗಿದ್ದೆವು. ಹೊಳೆಯ ಹಾದಿಯಲ್ಲಿ ಅಪ್ಪ ಒಂದು ಹೊಲದ ಬದುವಿನಲ್ಲಿ ನಿಂತು, ಕಬ್ಬು ಬಡಿದು ನೋಡತೊಡಗಿದ. ಸಪ್ಪಳ ಅವನಿಗೆ ಕೇಳುವುದಿಲ್ಲ, ಬೆರಳಿಗೆ ತಿಳಿಯುತ್ತದಂತೆ. ಒಂದನ್ನು ಆರಿಸಿ, ಮುರಿದು, ನಲವತ್ತು ದಾಟಿದ ಮಗಳಿಗೆ ಕೊಟ್ಟು, "ತಿನ್ನು" ಎಂದ. ನಾನು ಹಲ್ಲು ಹಚ್ಚುವಷ್ಟರಲ್ಲಿ ಬೈಕಿನ ಮೇಲೆ ಒಬ್ಬ ತರುಣ ಬಂದ. ಮೊಬೈಲ್ ನಮ್ಮ ಕಡೆ ಹಿಡಿದಿದ್ದ.

"ಯಾರನ್ನ ಕೇಳಿ ಮುರದ್ರಿ? ಈ ಹೊಲಕ್ಕ ಕ್ಯಾಮೆರಾ ಹಚ್ಚೇವ್ರಿ. ದಿನಾ ಇದ ಆಗೇತಿ. ಹಿರೇರದಾರ ಅಂತ ಬಿಡಾಕತ್ತೇನಿ, ಇಲ್ಲಂದ್ರ ವಿಡಿಯೋ ಊರ ಗ್ರೂಪಿಗೆ ಹಾಕತಿದ್ನಿ."

ಅವನದೂ ಪೂರ್ತಿ ತಪ್ಪು ಎನ್ನಲಾರೆ. ಗಾಡಿ ತಂದು ಹೊರೆಗಟ್ಟಲೆ ಒಯ್ಯುವವರೂ ಈಗ ಇದ್ದಾರೆ. ಅಪ್ಪ ನನ್ನ ಕಡೆ ತಿರುಗಿದ. "ಏನಂತಾನ, ಸುರೀ?"

ನಾನು ಅವನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದೆ: "ಬರೇ ಒಂದ ಯಾಕ, ಅಜ್ಜಾರಿಗೆ ಇನ್ನೊಂದ ಮುರಕೊಳ್ಳಾಕ ಹೇಳ್ರಿ ಅಂತಾನ."

ಅಪ್ಪ ಆ ತರುಣನ ಮುಖವನ್ನು ಬಹಳ ಹೊತ್ತು ನೋಡಿದ, ಒಂದು ಕಣ್ಣು ಕಿರಿದು ಮಾಡಿ.

"ಅಂವ ಹಂಗ ಅಂದಿಲ್ಲ" ಎಂದ. "ಇನ್ನೊಮ್ಮೆ ಹೇಳು."

ಹತ್ತು ವರ್ಷದವಳಿದ್ದಾಗ ಹೇಳಿದ್ದೆ. ಈಗ ಆಗಲಿಲ್ಲ. ಅಪ್ಪ ನನ್ನ ಕೈಯಿಂದ ಕಬ್ಬು ತೆಗೆದುಕೊಂಡ. ಅದು ಬೆಳೆದಿದ್ದ ಬುಡದ ಮಗ್ಗುಲಲ್ಲೇ ಅದನ್ನು ನೆಟ್ಟಗೆ ನಿಲ್ಲಿಸಿ, ಬೀಳದಂತೆ ಅಕ್ಕಪಕ್ಕದ ಕಬ್ಬಿನ ಎಲೆಗಳಿಂದ ಕಟ್ಟಿದ.